ಬಂಜೆ ಎಂಬ ಪದಕ್ಕೆ ಪುಲ್ಲಿಂಗವಿಲ್ಲವೇ?

ಮದುವೆಯಾಗಿ ಮೂರು ವರ್ಷವಾದರೂ ಮಗುವಾಗದಿದ್ದರೆ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಸೊಸೆಯನ್ನು ಲೇಡಿ ಡಾಕ್ಟರರ ಬಳಿಗೆ ಕರೆದೊಯ್ಯಲಾಗುತ್ತದೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳದ ಎಕ್ಸ್‌ರೇ ಎಲ್ಲವೂ ಅವಳಿಗೇ. ಆ ಬಳಿಕ ಯಾರೋ ಸೂಚಿಸಿದ ತಾಯಿತ, ಇನ್ಯಾರೋ ಕೊಟ್ಟ ಲೇಹ್ಯ. ಐದನೇ ವರ್ಷ ಅತ್ತೆ ಮಾತು ಕಡಿಮೆ ಮಾಡುತ್ತಾರೆ. ಏಳನೇ ವರ್ಷ ಮನೆಯಲ್ಲಿ ಎರಡನೇ ನಿಕಾಹ್‌ನ ಪ್ರಸ್ತಾಪ ಏಳುತ್ತದೆ. ಈ ಏಳು ವರ್ಷಗಳಲ್ಲಿ ಒಬ್ಬ ವ್ಯಕ್ತಿ ಮಾತ್ರ ಪ್ರಯೋಗಾಲಯದ ಮೆಟ್ಟಿಲು ಹತ್ತಿರುವುದಿಲ್ಲ. ಆತ ಗಂಡ.

ಕನ್ನಡದಲ್ಲಿ ‘ಬಂಜೆ’ ಎಂದರೆ ಹೆಣ್ಣು ಮಾತ್ರ. ಗಂಡಸಿಗೆ ಅಂಥದೊಂದು ಪದವನ್ನು ನಮ್ಮ ಆಡುಮಾತು ಹುಟ್ಟಿಸಲೇ ಇಲ್ಲ. ಆದರೆ ಅರಬಿಯ ‘ಅಖೀಮ್’ ಎಂಬ ಪದ ಗಂಡಿಗೂ ಹೆಣ್ಣಿಗೂ ಒಂದೇ. ಪವಿತ್ರ ಕುರ್‌ಆನಿನ ಅಶ್ಶೂರಾ ಅಧ್ಯಾಯದ 49 ಮತ್ತು 50ನೇ ಸೂಕ್ತಗಳು ಸಂತಾನಭಾಗ್ಯ ಮತ್ತು ಸಂತಾನರಾಹಿತ್ಯ ಎರಡೂ ಅಲ್ಲಾಹನ ಇಚ್ಛೆಗೆ ಸೇರಿದ್ದೆಂದು ತಿಳಿಸುವಾಗ ಬಳಸಿರುವುದು ಇದೇ ಪದವನ್ನು. ಅಲ್ಲಿ ಹೆಣ್ಣನ್ನು ಬೆರಳಿಟ್ಟು ತೋರಿಸಿಲ್ಲ. ಕುರ್‌ಆನ್ ಹೊರಿಸದ ಹೊರೆಯನ್ನು ಅವಳ ತಲೆಯ ಮೇಲೆ ಹೊರಿಸುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು?

ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಜೀವನದ ಯಾವುದೋ ಹಂತದಲ್ಲಿ ಬಂಜೆತನವನ್ನು ಅನುಭವಿಸುತ್ತಾರೆ. ಇಂಥ ದಂಪತಿಗಳ ಪೈಕಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಿನ ಸಮಸ್ಯೆ ಪೂರ್ತಿಯಾಗಿಯೋ ಭಾಗಶಃವೋ ಕಾರಣವಾಗಿರುತ್ತದೆ. ಆದ್ದರಿಂದ ಹೆಂಡತಿಯ ಪರೀಕ್ಷೆಯ ಜೊತೆಗೇ ಗಂಡನ ವೀರ್ಯಪರೀಕ್ಷೆಯೂ ನಡೆಯಬೇಕು. ಅದು ಸರಳ, ನೋವಿಲ್ಲದ, ಕಡಿಮೆ ಖರ್ಚಿನ ಪರೀಕ್ಷೆ.

ಆದರೆ ಅಷ್ಟಕ್ಕೇ ನಿಲ್ಲುವಂತಿಲ್ಲ. ಗಂಡಿನ ಬಂಜೆತನಕ್ಕೆ ಸೋಂಕು, ಉಬ್ಬಿದ ರಕ್ತನಾಳ, ಹಾರ್ಮೋನುಗಳ ಏರುಪೇರು ಹೀಗೆ ಹಲವು ಕಾರಣಗಳಿದ್ದು, ಎಷ್ಟೋ ಕಾರಣಗಳಿಗೆ ಚಿಕಿತ್ಸೆಯಿದೆ. ವೀರ್ಯಾಣುಗಳು ಇಲ್ಲವೇ ಇಲ್ಲ ಅಥವಾ ತೀರಾ ವಿರಳವೆಂದು ವರದಿ ಬಂದಾಗ ಮಾತ್ರ ಕಾರಣವು ಹುಟ್ಟಿನಿಂದಲೇ ಬಂದ ವಂಶವಾಹಿಗಳಲ್ಲಿ ಅಡಗಿರುವ ಸಾಧ್ಯತೆ ಹೆಚ್ಚು. ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ಆನುವಂಶಿಕ ಸಮಾಲೋಚನೆಯ ಅಗತ್ಯ ಬರುವುದು ಇಲ್ಲಿ.

ಮೂರು ಉದಾಹರಣೆಗಳು ಸಾಕು. ಮೊದಲನೆಯದು ಕ್ಲೈನ್‌ಫೆಲ್ಟರ್ ಸಿಂಡ್ರೋಮ್. ಇಲ್ಲಿ ಗಂಡಸಿಗೆ ಒಂದು ಎಕ್ಸ್ ವರ್ಣತಂತು ಹೆಚ್ಚಾಗಿರುತ್ತದೆ. 1942ರಲ್ಲೇ ವೈದ್ಯರು ಗುರುತಿಸಿದ, ಸುಮಾರು 600 ಗಂಡುಮಕ್ಕಳಲ್ಲಿ ಒಬ್ಬರಿಗೆ ಇರುವ ಈ ಸ್ಥಿತಿ ಬಹುತೇಕ ಮಂದಿಗೆ ತಮಗಿದೆಯೆಂದೇ ಗೊತ್ತಿರುವುದಿಲ್ಲ. ಇದು ಕೇವಲ ಸಂತಾನದ ಪ್ರಶ್ನೆಯಲ್ಲ. ಇಂಥವರಿಗೆ ಮೂಳೆಸವೆತ ಮತ್ತು ಸಕ್ಕರೆ ಕಾಯಿಲೆಯ ಅಪಾಯವೂ ಹೆಚ್ಚು. ಪರೀಕ್ಷೆಯನ್ನು ತಪ್ಪಿಸಿಕೊಳ್ಳುವ ಗಂಡಸು ತನ್ನ ಆರೋಗ್ಯಕ್ಕೂ ದ್ರೋಹ ಬಗೆಯುತ್ತಾನೆ.

ಎರಡನೆಯದು ವೈ ವರ್ಣತಂತುವಿನ ಸಣ್ಣದೊಂದು ತುಣುಕು ಕಳೆದುಹೋಗಿರುವುದು. ಯಾವ ತುಣುಕು ಎಂಬುದರ ಮೇಲೆ ಎಲ್ಲವೂ ನಿಂತಿದೆ. ‘ಎ’ ಎಂದು ಗುರುತಿಸುವ ಭಾಗ ಪೂರ್ತಿಯಾಗಿ ಇಲ್ಲದಿದ್ದರೆ ವೃಷಣದಿಂದ ವೀರ್ಯಾಣು ತೆಗೆಯುವ ಶಸ್ತ್ರಚಿಕಿತ್ಸೆ ವ್ಯರ್ಥ. ‘ಸಿ’ ಭಾಗ ಮಾತ್ರ ಇಲ್ಲದಿದ್ದರೆ ಅನೇಕರಲ್ಲಿ ವೀರ್ಯಾಣು ಸಿಗುತ್ತದೆ. ಆದರೆ ಹುಟ್ಟುವ ಗಂಡುಮಗುವಿಗೆ ತಂದೆಯ ಅದೇ ಕೊರತೆ ಬಳುವಳಿಯಾಗಿ ಬರುತ್ತದೆ.

ಮೂರನೆಯದು ವೀರ್ಯವನ್ನು ಸಾಗಿಸುವ ನಾಳಗಳೇ ಹುಟ್ಟಿನಿಂದ ಇಲ್ಲದಿರುವುದು. ಇಂಥವರಲ್ಲಿ ಹೆಚ್ಚಿನವರು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಶ್ವಾಸಕೋಶದ ತೀವ್ರ ಕಾಯಿಲೆಗೆ ಸಂಬಂಧಿಸಿದ ವಂಶವಾಹಿಯಲ್ಲಿ ದೋಷವುಳ್ಳವರು. ವೀರ್ಯಾಣು ತೆಗೆದು ಮಗು ಪಡೆಯಬಹುದು, ನಿಜ. ಆದರೆ ಪತ್ನಿಯೂ ಆ ದೋಷದ ವಾಹಕಳಾಗಿದ್ದರೆ ಮಗುವಿಗೆ ತಟ್ಟುವ ಅಪಾಯ ನಾಲ್ಕರಲ್ಲಿ ಒಂದರಿಂದ ಎರಡರಲ್ಲಿ ಒಂದರವರೆಗೂ ಏರಬಹುದು. ಪತ್ನಿ ಚಿಕ್ಕಪ್ಪನ ಅಥವಾ ಸೋದರಮಾವನ ಮಗಳಾಗಿದ್ದರೆ ಇಬ್ಬರಲ್ಲೂ ಒಂದೇ ದೋಷವಿರುವ ಸಾಧ್ಯತೆ ಇನ್ನೂ ಹೆಚ್ಚು. ಸಂಬಂಧದೊಳಗಿನ ಮದುವೆ ಸಾಮಾನ್ಯವಾಗಿರುವ ಸಮುದಾಯ ಈ ಮಾತನ್ನು ಕೇಳಿಸಿಕೊಳ್ಳಲೇಬೇಕು.

ಈ ಯಾವ ದೋಷವನ್ನೂ ಲೇಹ್ಯ ಸರಿಪಡಿಸುವುದಿಲ್ಲ. ಗೋಡೆಗಳ ಮೇಲೆ ಜಾಹೀರಾತು ಅಂಟಿಸುವ ‘ಪುರುಷಶಕ್ತಿ’ಯ ಪುಡಿಗಳು ಇಲ್ಲದ ವರ್ಣತಂತುವನ್ನು ತಂದುಕೊಡುವುದಿಲ್ಲ. ಹೊರಗಿನಿಂದ ಟೆಸ್ಟೋಸ್ಟಿರಾನ್ ತೆಗೆದುಕೊಂಡರಂತೂ ಇರುವ ವೀರ್ಯಾಣುಗಳ ಉತ್ಪಾದನೆಯೂ ಕುಸಿಯುತ್ತದೆ.

ಹಾಗಾದರೆ ಬಂಜೆತನ ಚಿಕಿತ್ಸಾ ಕೇಂದ್ರಗಳಿಗೆ ಹೋದರೆ ಸಾಕಲ್ಲವೇ ಎಂದು ಕೇಳಬಹುದು. ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚಿ ಸೇರಿಸುವ ‘ಇಕ್ಸಿ’ ವಿಧಾನದಿಂದ ಮೊದಲ ಮಗು ಹುಟ್ಟಿದ್ದು 1992ರಲ್ಲಿ. ತಂದೆಯಾಗುವ ಆಸೆ ಕೈಬಿಟ್ಟಿದ್ದ ಎಷ್ಟೋ ಗಂಡಸರಿಗೆ ಅದು ವರವಾಯಿತು. ಆದರೆ ಪ್ರಕೃತಿ ತಡೆದಿದ್ದ ದೋಷವನ್ನು ಮುಂದಿನ ಪೀಳಿಗೆಗೆ ದಾಟಿಸುವ ಸೇತುವೆಯೂ ಅದೇ ಆಗಬಹುದು. ಹಾಗೆಂದು ಅದನ್ನು ನಿಷೇಧಿಸಬೇಕೆಂದು ಯಾರೂ ಹೇಳುತ್ತಿಲ್ಲ. ತಿಳಿದು ದಾಟಬೇಕು ಎಂಬುದಷ್ಟೇ ವಾದ. ಆಭರಣ ಅಡವಿಟ್ಟು ಲಕ್ಷಗಟ್ಟಲೆ ಸುರಿಯುವ ಮುನ್ನ ಕೆಲವು ಸಾವಿರ ರೂಪಾಯಿಯ ವರ್ಣತಂತು ಪರೀಕ್ಷೆಯ ಬಗ್ಗೆ ಒಂದು ಮಾತು ಕೇಳಬಾರದೇ? ಸಂತಾನ ನೆರವು ತಂತ್ರಜ್ಞಾನದ ಕುರಿತ 2021ರ ಕೇಂದ್ರ ಕಾಯ್ದೆಯು ಪರಿಣಾಮ, ಯಶಸ್ಸಿನ ಸಾಧ್ಯತೆ, ಖರ್ಚು, ಅಪಾಯಗಳನ್ನು ದಂಪತಿಗೆ ತಿಳಿಸುವುದನ್ನೂ ಸಮಾಲೋಚನೆ ಒದಗಿಸುವುದನ್ನೂ ಚಿಕಿತ್ಸಾ ಕೇಂದ್ರಗಳ ಕರ್ತವ್ಯವಾಗಿಸಿದೆ. ಅದನ್ನು ಕೇಳಿ ಪಡೆಯಿರಿ. ಓದಲಾಗದ ಕಾಗದದ ಮೇಲೆ ಸಹಿ ಹಾಕುವುದು ಸಮಾಲೋಚನೆಯಲ್ಲ.

ನಿಜವಾದ ಸಮಾಲೋಚಕರು ಮೂರು ತಲೆಮಾರಿನ ವಂಶವೃಕ್ಷ ಬರೆದುಕೊಳ್ಳುತ್ತಾರೆ. ಯಾವ ಪರೀಕ್ಷೆ ಏಕೆ, ಫಲಿತಾಂಶದ ಅರ್ಥವೇನು, ಹುಟ್ಟುವ ಮಗುವಿಗೆ ಏನಾಗಬಹುದು, ಮುಂದಿರುವ ದಾರಿಗಳೆಷ್ಟು ಎಂದು ಗಂಡ-ಹೆಂಡತಿಯನ್ನು ಜೊತೆಗೆ ಕೂರಿಸಿ ವಿವರಿಸುತ್ತಾರೆ. ತೀರ್ಮಾನ ದಂಪತಿಯದೇ. ನಮ್ಮ ರಾಜ್ಯದಲ್ಲಿ ಈ ಸೌಲಭ್ಯವಿಲ್ಲವೆಂದು ನೆವ ಹೇಳುವಂತಿಲ್ಲ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆಂದೇ ವೈದ್ಯಕೀಯ ತಳಿಶಾಸ್ತ್ರದ ವಿಭಾಗವಿದೆ.

ಇನ್ನು ಆಕ್ಷೇಪಗಳಿಗೆ ಬರೋಣ. ಇದು ತಕ್ದೀರ್‌ನಲ್ಲಿ ಕೈಯಾಡಿಸುವುದಲ್ಲವೇ ಎನ್ನುವವರಿದ್ದಾರೆ. ಚಿಕಿತ್ಸೆ ಪಡೆಯಿರೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಹೃದಯದ ಆಪರೇಷನ್‌ಗೆ ಅನ್ವಯಿಸಿ, ಗಂಡಸಿನ ಪರೀಕ್ಷೆಗೆ ಮಾತ್ರ ಅನ್ವಯಿಸದಿರುವುದು ಯಾವ ನ್ಯಾಯ? ಸೊಸೆಯ ಪರೀಕ್ಷೆಗಳ ಸಂದರ್ಭದಲ್ಲಿ ಈ ತಕ್ದೀರ್ ಏಕೆ ನೆನಪಾಗಲಿಲ್ಲ? ಪರಪುರುಷನ ವೀರ್ಯ ಬಳಸಿಬಿಡುತ್ತಾರೆಂಬ ಭಯವೂ ಕೆಲವರಿಗಿದೆ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿಯು ಪ್ರನಾಳ ಶಿಶು ವಿಧಾನವನ್ನು ಪತಿ-ಪತ್ನಿಯರ ನಡುವೆ ಮಾತ್ರ ಅನುಮತಿಸಿ ಮೂರನೆಯವರ ಪಾಲನ್ನು ನಿಷೇಧಿಸಿತು. ಈ ಮಿತಿಯನ್ನು ಸಮಾಲೋಚಕರಿಗೆ ಮೊದಲೇ ಸ್ಪಷ್ಟವಾಗಿ ಹೇಳಬಹುದು. ಆಗ ಉಳಿಯುವ ದಾರಿಗಳ ಕುರಿತು ಮಾತಾಡುವುದೇ ಅವರ ಕೆಲಸ. ಅನಾಥ ಮಗುವೊಂದನ್ನು ಸಾಕುವುದೂ ಆ ದಾರಿಗಳಲ್ಲೊಂದು.

ಎಲ್ಲಕ್ಕಿಂತ ದೊಡ್ಡ ತಡೆ ಮಾನದ ಪ್ರಶ್ನೆ. ಬಂಜೆತನವೆಂದರೆ ಗಂಡಸುತನವಿಲ್ಲದಿರುವುದೆಂಬ ತಪ್ಪು ಕಲ್ಪನೆಯೇ ಇದರ ಬೇರು. ನಮ್ಮ ಫಿಕ್‌ಹ್ ಗ್ರಂಥಗಳು ದಾಂಪತ್ಯಕ್ಕೆ ಅಸಮರ್ಥನಾದ ‘ಇನ್ನೀನ್’ ಬೇರೆ, ಸಂತಾನವಾಗದ ‘ಅಖೀಮ್’ ಬೇರೆ ಎಂದು ಶತಮಾನಗಳ ಹಿಂದೆಯೇ ವಿಂಗಡಿಸಿವೆ. ವಿದ್ವಾಂಸರಿಗೆ ಗೊತ್ತಿರುವ ಈ ವ್ಯತ್ಯಾಸವನ್ನು ಮಿಂಬರ್‌ನಿಂದ ಜನರಿಗೆ ತಿಳಿಸಬೇಕಾದವರು ಯಾರು?

ಇಬ್ನುಲ್ ಖಯ್ಯಿಮ್ ಅವರು ‘ಝಾದುಲ್ ಮಆದ್’ನಲ್ಲಿ ಖಲೀಫಾ ಉಮರ್(ರ) ಅವರ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. ಸಂತಾನಶಕ್ತಿಯಿಲ್ಲದ ಅಧಿಕಾರಿಯೊಬ್ಬ ಅದನ್ನು ತಿಳಿಸದೆ ಮದುವೆಯಾಗಿದ್ದ. ಪತ್ನಿಗೆ ವಿಷಯ ತಿಳಿಸಿ, ಉಳಿಯುವ ಅಥವಾ ಹೊರಡುವ ಆಯ್ಕೆಯನ್ನು ಅವಳಿಗೇ ಬಿಡುವಂತೆ ಖಲೀಫರು ಅವನಿಗೆ ಆದೇಶಿಸಿದರು. ವರ್ಣತಂತುವಿನ ಹೆಸರೇ ಕೇಳಿರದ ಕಾಲದಲ್ಲಿ ನಮ್ಮ ಹಿರಿಯರು ಪತ್ನಿಯ ತಿಳಿಯುವ ಹಕ್ಕನ್ನು ಎತ್ತಿಹಿಡಿದಿದ್ದರು. ಎಲ್ಲ ಪರೀಕ್ಷೆಗಳೂ ಕೈಗೆಟಕುವ ಕಾಲದಲ್ಲಿ ನಾವು ಅವಳಿಂದ ಸತ್ಯವನ್ನು ಬಚ್ಚಿಡುತ್ತಿದ್ದೇವೆ.

ಆದ್ದರಿಂದ ಮಗುವಾಗಲಿಲ್ಲವೆಂಬ ಕಾರಣ ಹೊತ್ತು ತಲಾಕ್‌ನ ಅಥವಾ ಎರಡನೇ ನಿಕಾಹ್‌ನ ಅರ್ಜಿ ಬಂದಾಗ ಜಮಾಅತ್ ಸಮಿತಿಯ ಹಿರಿಯರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ‘ಮಗನೇ, ನಿನ್ನ ಪರೀಕ್ಷೆ ಆಗಿದೆಯೇ?’ ವರದಿಯನ್ನು ಸಮಿತಿಗೆ ತೋರಿಸಬೇಕಾಗಿಲ್ಲ, ಅದು ಅವನ ಗುಟ್ಟು. ಆದರೆ ಅವನ ಪತ್ನಿಗೆ ಅದು ಗುಟ್ಟಾಗಿರಬಾರದು. ಮಗು ಕೊಡುವವನು ಅಲ್ಲಾಹನು. ಆದರೆ ಮಗುವಾಗದ ಆರೋಪವನ್ನು ವಿಚಾರಿಸದೆ ಒಬ್ಬಳ ಮೇಲೆ ಹೊರಿಸಿದವರು ನಾವು. ಅದಕ್ಕೆ ನಾಳೆ ಉತ್ತರಿಸಬೇಕಾದವರೂ ನಾವೇ.