ಕೀಟದ ಚಿತ್ರಕ್ಕೆ ಎಂಥ ಕ್ಯಾಮರಾ?

ಗಿಡಗಳನ್ನೂ ಕೀಟಗಳನ್ನೂ ಹತ್ತಿರದಿಂದ ಚಿತ್ರಿಸಬೇಕೆಂಬ ಹವ್ಯಾಸವುಳ್ಳ ವಿದ್ಯಾರ್ಥಿಗೆ ಬಲ್ಲವರಿಂದ ದೊರೆಯುವ ಮೊದಲನೆಯ ಉಪದೇಶವೆಂದರೆ, ಎಸ್.ಎಲ್.ಆರ್. ಕ್ಯಾಮರಾ ಕೊಳ್ಳು, ಮಿಕ್ಕದ್ದು ಆಮೇಲೆ ಎಂಬುದು. ಈ ಮಾತನ್ನು ಕೇಳಿ, ಅಷ್ಟು ಹಣವಿಲ್ಲದೆ, ಹವ್ಯಾಸವನ್ನೇ ಕೈಬಿಟ್ಟವರು ಎಷ್ಟು ಮಂದಿಯೋ! ಕಲಬುರಗಿಯಂಥ ಊರಿನಲ್ಲಿ ಇದರಿಂದಾಗುವ ನಷ್ಟ ಸಣ್ಣದಲ್ಲ. ನಗರದ ಅಂಚನ್ನು ದಾಟಿದರೆ ತೊಗರಿಯ ಹೊಲಗಳು; ಹುಮನಾಬಾದಿನ ದಾರಿ ಹಿಡಿದು ಕಮಲಾಪುರಕ್ಕೆ ಹೋದರೆ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕೆಂಪು ಬಾಳೆಯ ತೋಟಗಳು. ಈ ಗಿಡಗಳನ್ನು ತಿಂದು ಬದುಕುವ, ಇವುಗಳ ಹೂವಿಗೆ ಬಂದುಹೋಗುವ ಸಣ್ಣ ಜೀವಿಗಳನ್ನು ವರ್ಷದ ಹನ್ನೆರಡು ತಿಂಗಳೂ ನೋಡಬಲ್ಲವರು ಆ ಊರುಗಳಲ್ಲಿಯೇ ಓದುತ್ತಿರುವ ಹುಡುಗ ಹುಡುಗಿಯರೇ ಹೊರತು ಎಂದೋ ಒಮ್ಮೆ ಬಂದುಹೋಗುವ ತಜ್ಞರಲ್ಲ. ಅಂಗೈಯಲ್ಲಿ ಅಡಗುವ ಸಣ್ಣ ಕ್ಯಾಮರಾ ಈ ಕೆಲಸಕ್ಕೆ ಸಾಕು ಎಂದು ನನ್ನ ಅಭಿಪ್ರಾಯ. ಇದು ಬರಿಗೈಯವರಿಗೆ ಹೇಳುವ ಸಮಾಧಾನದ ಮಾತಲ್ಲ. ದ್ಯುತಿವಿಜ್ಞಾನದ ಲೆಕ್ಕವೇ ಹಾಗಿದೆ.

ಮೊದಲು ಎಸ್.ಎಲ್.ಆರ್. ಎಂಬುದರ ಹಿರಿಮೆ ಎಲ್ಲಿಂದ ಬಂದಿತೆಂಬುದನ್ನು ನೋಡೋಣ. ಹಿಂದಿನ ಸಣ್ಣ ಕ್ಯಾಮರಾಗಳಲ್ಲಿ ಚಿತ್ರ ಮೂಡಿಸುವ ಮಸೂರ ಒಂದು, ಕಣ್ಣಿಟ್ಟು ನೋಡುವ ಕಿಂಡಿ ಇನ್ನೊಂದು. ದೂರದ ಬೆಟ್ಟವನ್ನು ತೆಗೆಯುವಾಗ ಇವೆರಡರ ನಡುವಣ ಎರಡು ಮೂರು ಸೆಂಟಿಮೀಟರಿನ ಅಂತರದಿಂದ ಬಾಧಕವಿಲ್ಲ. ಗೇಣುದೂರದ ಹೂವನ್ನು ತೆಗೆಯಹೋದರೆ ಕಿಂಡಿಯಲ್ಲಿ ಹೂವು ಕಾಣುತ್ತದೆ, ಫಿಲ್ಮಿನ ಮೇಲೆ ಕಾಂಡ ಮೂಡುತ್ತದೆ. ಚಿತ್ರ ಮೂಡಿಸುವ ಮಸೂರದಿಂದಲೇ ಬಂದ ಬೆಳಕನ್ನು ಓರೆಗನ್ನಡಿಯೊಂದು ಕಣ್ಣಿನತ್ತ ತಿರುಗಿಸಿ, ಗುಂಡಿ ಒತ್ತಿದ ಕೂಡಲೆ ತಾನು ಪಕ್ಕಕ್ಕೆ ಸರಿದುಕೊಳ್ಳುವ ಏರ್ಪಾಡು ಈ ದೋಷವನ್ನು ನೀಗಿತು. ಜರ್ಮನಿಯ ಡ್ರೆಸ್ಡೆನ್ನಿನಲ್ಲಿ 1936ರಲ್ಲಿ ಹೊರಬಂದ ಕೀನೆ ಎಕ್ಸಾಕ್ಟಾ, 35 ಮಿ.ಮೀ. ಫಿಲ್ಮಿಗೆ ಒದಗಿದ ಇಂಥ ಆದಿಯಂತ್ರಗಳಲ್ಲೊಂದು. ಕರ್ನಾಟಕದಲ್ಲಿ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಮೊದಲಾದವರು ದುಡಿದದ್ದು ಫಿಲ್ಮಿನ ಆ ಯುಗದಲ್ಲಿ. ಆಗ ಸಮೀಪಚಿತ್ರಕ್ಕೆ ಎಸ್.ಎಲ್.ಆರ್. ಬೇಕೆನ್ನುವುದು ಸರಿಯಾದ ಮಾತೇ ಆಗಿತ್ತು. ಆದರೆ ಇಂದಿನ ಡಿಜಿಟಲ್ ಕ್ಯಾಮರಾ, ಎಷ್ಟೇ ಅಗ್ಗದ್ದಾಗಲಿ, ತನ್ನ ಸಂವೇದಕದ ಮೇಲೆ ಬಿದ್ದ ಬಿಂಬವನ್ನೇ ಬೆನ್ನಿನ ಪರದೆಯಲ್ಲಿ ತೋರಿಸುತ್ತದೆ. ಕಾರಣ ಮಾಯವಾಯಿತು, ಉಪದೇಶ ಉಳಿದುಕೊಂಡಿತು.

ಎರಡನೆಯ ತಪ್ಪು ತಿಳಿವಳಿಕೆ ವರ್ಧನೆಯನ್ನು ಕುರಿತದ್ದು. ಸಮೀಪಚಿತ್ರದ ವಿಶೇಷ ಮಸೂರವು ವಸ್ತುವಿನಷ್ಟೇ ದೊಡ್ಡ ಬಿಂಬವನ್ನು ಕೊಡುತ್ತದೆ, ಸಣ್ಣ ಕ್ಯಾಮರಾ ಕೊಡಲಾರದು ಎಂದು ಹೇಳುವುದುಂಟು. ನಿಜವೇ, ಆದರೆ ಬಿಂಬ ಬೀಳುವ ಜಾಗ ಎಷ್ಟು ದೊಡ್ಡದೆಂಬುದನ್ನೂ ಕೇಳಬೇಡವೆ? ಸಾಮಾನ್ಯ ಎಸ್.ಎಲ್.ಆರ್. ಸಂವೇದಕದ ಅಗಲ ಸುಮಾರು 24 ಮಿ.ಮೀ.; ಸಣ್ಣ ಕ್ಯಾಮರಾದ್ದು ಸುಮಾರು 6 ಮಿ.ಮೀ. ಹಾಗಾಗಿ 24 ಮಿ.ಮೀ. ಅಗಲದ ಹೂವಿನಿಂದ ಚೌಕಟ್ಟನ್ನು ತುಂಬಿಸಲು ಮೊದಲನೆಯದಕ್ಕೆ ಪೂರ್ಣಗಾತ್ರದ ಬಿಂಬ ಬೇಕು, ಎರಡನೆಯದಕ್ಕೆ ಕಾಲುಭಾಗದ್ದು ಸಾಕು. ನೋಡುವವನ ಕಣ್ಣಿಗೆ ಎರಡು ಚಿತ್ರಗಳೂ ಒಂದೇ.

ಮುಖ್ಯವಾದ ಸಂಗತಿ ಮುಂದಿನದು. ಹತ್ತಿರದ ಚಿತ್ರದಲ್ಲಿ ಮುಂದಿನಿಂದ ಹಿಂದಕ್ಕೆ ಎಷ್ಟು ಆಳದವರೆಗೆ ವಸ್ತು ಸ್ಪಷ್ಟವಾಗಿ ಮೂಡುತ್ತದೆ? ಮೇಲಿನ ಹೂವನ್ನೇ ತೆಗೆದುಕೊಂಡು, ಎರಡೂ ಕ್ಯಾಮರಾಗಳ ದ್ವಾರವನ್ನು ಎಫ್/4ಕ್ಕೆ ಇಟ್ಟು ಲೆಕ್ಕ ಹಾಕಿದರೆ, ಎಸ್.ಎಲ್.ಆರ್.ನಲ್ಲಿ ಈ ಆಳ ಸುಮಾರು 0.3 ಮಿ.ಮೀ.; ಸಣ್ಣ ಕ್ಯಾಮರಾದಲ್ಲಿ ಸುಮಾರು 0.8 ಮಿ.ಮೀ. ಅಂದರೆ ಎರಡೂವರೆ ಪಾಲು ಹೆಚ್ಚು. ಹಿನ್ನೆಲೆಯೆಲ್ಲ ಬೆಣ್ಣೆಯಂತೆ ಕರಗಿ, ಕಣ್ಣೊಂದು ಮಾತ್ರ ಹೊಳೆಯುವ ಕೀಟಚಿತ್ರವನ್ನು ಪ್ರದರ್ಶನಗಳಲ್ಲಿ ಹೊಗಳುತ್ತಾರೆ. ಗೋಡೆಗೆ ಅದು ಚೆಂದವೇ ಸರಿ. ಆದರೆ ಕೀಟ ಯಾವುದೆಂದು ಗುರುತಿಸಹೊರಟವನಿಗೆ ಕಾಲಿನ ಗೆಣ್ಣುಗಳು, ರೆಕ್ಕೆಯ ನರಗಳು, ಕುಳಿತ ಎಲೆಯ ಅಂಚು ಇವೆಲ್ಲವೂ ಬೇಕು. ಕರಗಿಹೋದ ಹಿನ್ನೆಲೆಯಲ್ಲಿ ಇವೂ ಕರಗಿರುತ್ತವೆ.

ದೀಪಾವಳಿಯ ಸುಮಾರಿಗೆ ತೊಗರಿ ಹಳದಿ ಹೂವಾಡುವಾಗ ಹೊಲದ ಬದುವಿನಲ್ಲಿ ನಿಂತು ನೋಡಬೇಕು. ಹೂವಿಗೆ ಬರುವ ನೊಣಗಳೆಲ್ಲ ಜೇನುನೊಣಗಳೆಂದೇ ನಾವು ತಿಳಿಯುತ್ತೇವೆ. ಜೇನುನೊಣ ಪರಾಗವನ್ನು ಹಿಂಗಾಲಿನಲ್ಲಿ ಉಂಡೆಗಟ್ಟಿ ಒಯ್ಯುತ್ತದೆ. ಅದೇ ಹೂವಿಗೆ ಬರುವ, ಎಲೆಗಳನ್ನು ದುಂಡಗೆ ಕತ್ತರಿಸಿ ಗೂಡಿಗೆ ಸಾಗಿಸುವ ಒಂಟಿಜೀವಿ ದುಂಬಿಯಾದರೋ ಪರಾಗವನ್ನು ಹೊಟ್ಟೆಯ ಅಡಿಭಾಗದ ರೋಮಗಳಲ್ಲಿ ಬಳಿದುಕೊಂಡು ಹೋಗುತ್ತದೆ. ಒಂದೇ ಚಿತ್ರದಲ್ಲಿ ಹಿಂಗಾಲೂ ಹೊಟ್ಟೆಯ ಅಡಿಯೂ ಸ್ಪಷ್ಟವಾಗಿದ್ದರೆ ಎರಡನ್ನೂ ಹೈಸ್ಕೂಲಿನ ವಿದ್ಯಾರ್ಥಿಯೇ ಬೇರ್ಪಡಿಸಬಲ್ಲ. ಅದೇ ಗಿಡದ ಮೊಗ್ಗಿನ ಮೇಲೆ ಕಾಯಿಕೊರಕದ ಪತಂಗ ಬಿಡಿಬಿಡಿಯಾಗಿ ಇಟ್ಟ ತತ್ತಿಗಳಿರಬಹುದು; ಒಂದೊಂದೂ ಸುಮಾರು ಅರ್ಧ ಮಿಲಿಮೀಟರು. ಔಷಧ ಸಿಂಪಡಿಸುವ ದಿನವನ್ನು ನಿಶ್ಚಯಿಸುವ ರೈತನಿಗೆ, ಬೆಳೆಗೆ ಬಂದ ಶತ್ರು ಯಾವುದು, ಮಿತ್ರ ಯಾವುದು ಎಂಬುದು ಕೇವಲ ಕುತೂಹಲದ ಪ್ರಶ್ನೆಯಲ್ಲ.

ಎಸ್.ಎಲ್.ಆರ್. ಪಕ್ಷದವರು ಇಲ್ಲಿ ಎದ್ದುನಿಲ್ಲುತ್ತಾರೆ: ದ್ವಾರವನ್ನು ಎಫ್/11ಕ್ಕೆ ಕಿರಿದು ಮಾಡಿದರೆ ನಮಗೂ ಅಷ್ಟೇ ಆಳ ದೊರೆಯುವುದಲ್ಲ ಎಂದು. ದೊರೆಯುತ್ತದೆ. ಆದರೆ ಬೆಳಕು ಅಷ್ಟಕ್ಕಷ್ಟೇ ಕಡಿಮೆಯಾಗಿ, ಸಂವೇದನೆಯನ್ನು ಏರಿಸಬೇಕಾಗುತ್ತದೆ. ಏರಿಸಿದೊಡನೆ ಚಿತ್ರ ಕಾಳುಕಾಳಾಗುತ್ತದೆ. ದೊಡ್ಡ ಸಂವೇದಕದ ವಿಸ್ತೀರ್ಣ ಸುಮಾರು 13 ಪಟ್ಟು ಹೆಚ್ಚು. ಅದರಿಂದ ಬರುವ ಲಾಭವೆಲ್ಲ ಆಳವನ್ನು ಸರಿತೂಗಿಸುವುದರಲ್ಲಿಯೇ ಬಹುಮಟ್ಟಿಗೆ ಖರ್ಚಾಗಿಹೋಗುತ್ತದೆ. ಕಿರಿದಾದ ದ್ವಾರದ ಅಂಚಿನಲ್ಲಿ ಬೆಳಕು ಬಾಗಿ ಹರಡುವ ವಿವರ್ತನೆಯ ಮಸುಕೂ, ಆಳ ಒಂದೇ ಆದಾಗ, ಎರಡೂ ಚಿತ್ರಗಳಲ್ಲಿ ಹೆಚ್ಚುಕಡಮೆ ಒಂದೇ. ನ್ಯಾಯವಾಗಿ ಹೇಳುವುದಾದರೆ ಸಣ್ಣ ಕ್ಯಾಮರಾ ಇಲ್ಲಿ ಗೆಲ್ಲುವುದಿಲ್ಲ, ಸೋಲುವುದೂ ಇಲ್ಲ. ಬೆಲೆಯ ಅಂತರವನ್ನು ನೆನೆದರೆ ಸೋಲದಿರುವುದೇ ದೊಡ್ಡದು.

ಅದು ನಿಜವಾಗಿ ಸೋಲುವುದು ಬೇರೆಡೆಯಲ್ಲಿ. ಹೂವಿನ ಗುರುತುಳ್ಳ ಸಮೀಪಸ್ಥಿತಿಗೆ ತಿರುಗಿಸಿದಾಗ ಸಣ್ಣ ಕ್ಯಾಮರಾ ವಸ್ತುವಿನಿಂದ ಒಂದೆರಡು ಸೆಂಟಿಮೀಟರಿನಷ್ಟು ಹತ್ತಿರ ಬರಬೇಕೆಂದು ಕೇಳುತ್ತದೆ. ಅಷ್ಟರಲ್ಲಿ ಕೀಟ ಹಾರಿರುತ್ತದೆ. ಹಾರದಿದ್ದರೆ ಕ್ಯಾಮರಾದ ನೆರಳು ಅದರ ಮೇಲೆ ಬಿದ್ದಿರುತ್ತದೆ. 100 ಮಿ.ಮೀ. ಸಮೀಪಮಸೂರವುಳ್ಳ ಎಸ್.ಎಲ್.ಆರ್. ಗೇಣುದೂರದಲ್ಲಿ ನಿಂತೇ ಕೆಲಸ ಮುಗಿಸುತ್ತದೆ. ಹಾರುತ್ತಿರುವ ದುಂಬಿಯನ್ನು ಹಿಡಿಯುವ ಚುರುಕಿನಲ್ಲಿಯೂ, ಬೇರೆ ಫ್ಲ್ಯಾಶ್ ದೀಪವನ್ನು ಬೇಕಾದ ಕಡೆ ನಿಲ್ಲಿಸುವ ಅನುಕೂಲದಲ್ಲಿಯೂ ಅದರದೇ ಮೇಲುಗೈ. ಈ ಮೂರು ಕಾರಣಗಳಿಗಾಗಿ ಎಸ್.ಎಲ್.ಆರ್. ಕೊಳ್ಳುವವನನ್ನು ನಾನು ಆಕ್ಷೇಪಿಸಲಾರೆ. ಅಂದಹಾಗೆ, ಆ ಓರೆಗನ್ನಡಿಯೂ ಈಗ ಅನಿವಾರ್ಯವಲ್ಲ. 2008ರಿಂದೀಚೆಗೆ ಬಂದ ಕನ್ನಡಿಯಿಲ್ಲದ ಕ್ಯಾಮರಾಗಳು ಅದರ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆ.

ದೂರದ ತೊಂದರೆಗೆ ಪರಿಹಾರ ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಯಲ್ಲಿಯೇ ಇದೆ. 10 ಸೆಂ.ಮೀ. ಸಂಗಮದೂರದ ಪೀನಮಸೂರವೊಂದನ್ನು ಸಣ್ಣ ಕ್ಯಾಮರಾದ ಮುಂದೆ ರಟ್ಟಿನ ಕೊಳವೆಯಲ್ಲಿ ಕೂರಿಸಿ, ಜೂಮನ್ನು ಪೂರ್ತಿ ಮುಂದಕ್ಕೆ ಚಾಚಿ, ದೂರದ ವಸ್ತುವಿಗೆ ನಾಭೀಕರಿಸಿದರೆ, ಕೀಟವು ಮಸೂರದಿಂದ 10 ಸೆಂ.ಮೀ. ದೂರದಲ್ಲಿದ್ದಾಗ ಸ್ಪಷ್ಟವಾಗುತ್ತದೆ. ಬಿಂಬದ ವರ್ಧನೆ ಎಂದರೆ ಕ್ಯಾಮರಾದ ಸಂಗಮದೂರವನ್ನು ಮುಂದಿನ ಮಸೂರದ ಸಂಗಮದೂರದಿಂದ ಭಾಗಿಸಿದ ಬೆಲೆ. ಕ್ಯಾಮರಾದ ಮೂತಿಯ ಸುತ್ತ ಬರೆದಿರುವ ಅಂಕಿಗಳಲ್ಲಿ ದೊಡ್ಡದು 40 ಮಿ.ಮೀ. ಎನ್ನಿ, 40ನ್ನು 100ರಿಂದ ಭಾಗಿಸಿದರೆ 0.4, ಚೌಕಟ್ಟಿನೊಳಗೆ ಬರುವ ವಸ್ತುವಿನ ಅಗಲ ಸುಮಾರು 15 ಮಿ.ಮೀ. ಪೂರ್ಣಗಾತ್ರದ ಬಿಂಬ ಕೊಡುವ ಎಸ್.ಎಲ್.ಆರ್.ನ 24 ಮಿ.ಮೀ.ಗಿಂತ ಇದು ಹತ್ತಿರದ ನೋಟ! ಕಾಯಿಕೊರಕದ ತತ್ತಿ ಚೌಕಟ್ಟಿನ ಮೂವತ್ತನೆಯ ಒಂದು ಪಾಲಿನಷ್ಟು ದೊಡ್ಡದಾಗಿ ಮೂಡುತ್ತದೆ.

ಒಂಟಿ ಮಸೂರವಾದ್ದರಿಂದ ಚಿತ್ರದ ಅಂಚಿನಲ್ಲಿ ನೇರಳೆ, ಹಸಿರು ಬಣ್ಣದ ಗೆರೆಗಳು ಕಾಣಿಸಿಕೊಳ್ಳುತ್ತವೆ. ವಸ್ತುವನ್ನು ನಡುವಿಗೆ ತಂದು ಅಂಚನ್ನು ಕತ್ತರಿಸಿಬಿಟ್ಟರಾಯಿತು. ಎರಡು ಗಾಜುಗಳನ್ನು ಕೂಡಿಸಿದ ವರ್ಣದೋಷರಹಿತ ಮಸೂರ ಸಿಕ್ಕರೆ ಅದೂ ಬೇಕಿಲ್ಲ. ಇನ್ನು ಗಾಳಿ. 15 ಮಿ.ಮೀ. ಅಗಲದ ನೋಟದಲ್ಲಿ ಹೂವು ಒಂದೂವರೆ ಮಿಲಿಮೀಟರು ಅಲುಗಿದರೆ ಚೌಕಟ್ಟಿನ ಹತ್ತನೆಯ ಒಂದು ಪಾಲು ಸರಿದಂತಾಯಿತು. ಬಯಲುಸೀಮೆಯ ಹೊಲದಲ್ಲಿ ಗಾಳಿ ಏಳುವ ಮುನ್ನ, ಚಳಿಗೆ ಕೀಟಗಳ ಮೈ ಇನ್ನೂ ಬೆಚ್ಚಗಾಗದಿರುವ ಹೊತ್ತಿನಲ್ಲಿ ಕೆಲಸ ಮುಗಿಸಬೇಕು. ಬಾಳೆಯ ತೋಟದಲ್ಲಾದರೆ ಆ ಅಗಲವಾದ ಎಲೆಗಳ ಮರೆಯಲ್ಲಿ ಇನ್ನೊಂದು ಗಂಟೆ ಹೆಚ್ಚಿಗೆ ಸಿಕ್ಕೀತು.