ಹೆದ್ದಾರಿ ಯಾರ ದಾರಿ?

ಸ್ವಾತಂತ್ರ್ಯ ದೊರೆತಾಗ ನಮ್ಮ ದೇಶದಲ್ಲಿದ್ದ ರಾಷ್ಟ್ರೀಯ ಹೆದ್ದಾರಿಗಳ ಉದ್ದ ಸುಮಾರು 21 ಸಾವಿರ ಕಿಲೋಮೀಟರ್. 2014ರ ವೇಳೆಗೆ ಅದು 91 ಸಾವಿರವನ್ನೂ, 2023ರ ಕೊನೆಯ ಹೊತ್ತಿಗೆ 1 ಲಕ್ಷ 46 ಸಾವಿರವನ್ನೂ ದಾಟಿತು. ಇದು ಸಾಧನೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಬದಲಾಗಿರುವುದು ಉದ್ದವೊಂದೇ ಅಲ್ಲ, ರಸ್ತೆಯ ಸ್ವಭಾವವೇ ಬದಲಾಗಿದೆ.

ಹಿಂದಿನ ಹೆದ್ದಾರಿ ಊರಿನ ನಡುವೆಯೇ ಹಾದುಹೋಗುತ್ತಿತ್ತು. ಲಾರಿ, ಎತ್ತಿನಗಾಡಿ, ಸೈಕಲ್ಲು ಎಲ್ಲಕ್ಕೂ ಅದೊಂದೇ ದಾರಿ. ಅದರ ಅಂಚಿನಲ್ಲಿ ಚಹಾದಂಗಡಿ, ಪಂಕ್ಚರ್ ಅಂಗಡಿ, ಹಣ್ಣಿನ ಗಾಡಿಗಳವರ ಬದುಕು. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಾಗಳನ್ನು ಬೆಸೆಯುವ 5,846 ಕಿಲೋಮೀಟರ್‌ಗಳ ಸುವರ್ಣ ಚತುಷ್ಪಥಕ್ಕೆ 1999ರಲ್ಲಿ ವಾಜಪೇಯಿಯವರು ಶಂಕುಸ್ಥಾಪನೆ ನೆರವೇರಿಸಿದ ಬಳಿಕ ಹೆದ್ದಾರಿಯು ಊರನ್ನು ಬಳಸಿ ಹೋಗತೊಡಗಿತು. 2002ರಲ್ಲಿ ಪೂರ್ಣಗೊಂಡ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಂತೂ ಬೇಲಿ ಹಾಕಿದ, ಟೋಲ್ ಕೊಟ್ಟವರಿಗೆ ಮಾತ್ರ ತೆರೆಯುವ ಹೊಸ ಬಗೆಯ ರಸ್ತೆಯನ್ನು ಪರಿಚಯಿಸಿತು.

ಬೆಂಗಳೂರು–ಮೈಸೂರು ದಶಪಥ ಇದಕ್ಕೆ ನಮ್ಮ ಕಣ್ಣೆದುರಿನ ನಿದರ್ಶನ. 2023ರ ಮಾರ್ಚ್ 12ರಂದು ಪ್ರಧಾನಿ ಇದನ್ನು ಉದ್ಘಾಟಿಸಿದರು. ಎರಡೇ ದಿನಗಳಲ್ಲಿ ಟೋಲ್ ವಸೂಲಿ ಆರಂಭವಾಯಿತು. ಸರ್ವಿಸ್ ರಸ್ತೆಯನ್ನೇ ಮುಗಿಸದೆ ಹಣ ಕೇಳುವುದು ಯಾವ ನ್ಯಾಯವೆಂದು ಜನರು ಬೀದಿಗಿಳಿದರು. ಸಾಲು ಸಾಲು ಅಪಘಾತಗಳ ನಂತರ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಡಲಾಯಿತು. ನಾಗಾಲೋಟದ ಕಾರುಗಳ ನಡುವೆ ಬೈಕಿಗೆ ರಕ್ಷಣೆಯಿಲ್ಲವೆಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಪ್ರಶ್ನೆ ಇರುವುದು, ಹೊರಗಿಟ್ಟವರಿಗೆ ಕೊಟ್ಟ ದಾರಿ ಎಂತಹುದು ಎಂಬಲ್ಲಿ. ಪ್ರಯಾಣದ ಅವಧಿ ತಗ್ಗಿತು, ಸಂತೋಷ. ಆದರೆ ಚನ್ನಪಟ್ಟಣದ ಬೊಂಬೆಯಂಗಡಿ, ಮದ್ದೂರಿನ ವಡೆಯಂಗಡಿಗಳ ಮುಂದೆ ನಿಲ್ಲುತ್ತಿದ್ದ ವಾಹನಗಳೂ ವಿರಳವಾದವು. ತಲೆಮಾರುಗಳಿಂದ ಅರಗು ಬಣ್ಣದ ಬೊಂಬೆ ತಯಾರಿಸಿ ಬದುಕುವವರ ಈ ನಷ್ಟ ಯಾವ ಯೋಜನಾ ವರದಿಯ ಲೆಕ್ಕಕ್ಕೂ ಸೇರಿದಂತೆ ಕಾಣುವುದಿಲ್ಲ.

ಸರಕಾರದ್ದೇ ಅಂಕಿಅಂಶಗಳ ಪ್ರಕಾರ 2022ರಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಮಂದಿ. ದೇಶದ ಒಟ್ಟು ರಸ್ತೆಗಳಲ್ಲಿ ಶೇ. 2ಕ್ಕಿಂತ ತುಸುವೇ ಹೆಚ್ಚಿರುವ ರಾಷ್ಟ್ರೀಯ ಹೆದ್ದಾರಿಗಳಲ್ಲೇ 61 ಸಾವಿರ ಜೀವಗಳು ಹೋದವು. ಇಡೀ ದೇಶದಲ್ಲಿ ಸತ್ತವರ ಪೈಕಿ ಸುಮಾರು 75 ಸಾವಿರ ಮಂದಿ ದ್ವಿಚಕ್ರ ಸವಾರರು, 32 ಸಾವಿರಕ್ಕೂ ಹೆಚ್ಚು ಮಂದಿ ಪಾದಚಾರಿಗಳು. ಅಂದರೆ ಕಾರಿನೊಳಗೆ ಕುಳಿತವರಿಗಿಂತ ರಸ್ತೆ ದಾಟುವ ತಾಯಿ, ಹಾಲಿನ ಕ್ಯಾನ್ ಹೊತ್ತ ಸವಾರರೇ ಹೆಚ್ಚು.

ಟೋಲ್ ಗೇಟಿನಲ್ಲಿ ಫಾಸ್ಟ್‌ಟ್ಯಾಗ್ ಕಡ್ಡಾಯಗೊಳಿಸಲು 2021ರಲ್ಲಿ ತೋರಿದ ಶಿಸ್ತನ್ನು ಸರ್ವಿಸ್ ರಸ್ತೆ, ಪಾದಚಾರಿ ಮೇಲ್ಸೇತುವೆಗಳ ವಿಷಯದಲ್ಲೂ ತೋರಲಿ. ಅವು ಮುಗಿಯದ ಹೆದ್ದಾರಿಯಲ್ಲಿ ಟೋಲ್ ಪಡೆಯಲು ಅನುಮತಿ ನೀಡಬಾರದು.