ಚಾಕು ಹಿಡಿಯದ ಕೈಗಳು

ಸಾಮ್ಯುಯೆಲ್ ಪಾಟಿ ತಮ್ಮ ಕೊನೆಯ ದಿನಗಳಲ್ಲಿ ಬ್ಯಾಗಿನಲ್ಲಿ ಒಂದು ಸುತ್ತಿಗೆ ಇಟ್ಟುಕೊಂಡು ಓಡಾಡುತ್ತಿದ್ದರು. ಪ್ಯಾರಿಸ್ ಹೊರವಲಯದ ಕಾನ್‌ಫ್ಲಾನ್-ಸೇಂಟ್-ಹೊನೊರಿನ್ ಎಂಬ ಊರಿನ ಶಾಲೆಯಲ್ಲಿ ಇತಿಹಾಸ, ಭೂಗೋಳ ಹೇಳಿಕೊಡುತ್ತಿದ್ದ 47 ವರ್ಷದ ಮೇಷ್ಟ್ರು ಅವರು. ಹದಿಮೂರು, ಹದಿನಾಲ್ಕರ ಮಕ್ಕಳಿಗೆ ಅಭಿವ್ಯಕ್ತಿ ಸ್ವಾತಂತ್ರ್ಯದ ಪಾಠ ಮಾಡುವಾಗ ಶಾರ್ಲಿ ಎಬ್ದೊ ಪತ್ರಿಕೆಯಲ್ಲಿ ಬಂದ ಪ್ರವಾದಿ ಮಹಮ್ಮದರ ವ್ಯಂಗ್ಯಚಿತ್ರಗಳನ್ನು ತೋರಿಸಿದ್ದರು. ಮನಸ್ಸಿಗೆ ನೋವಾಗುವವರು ನೋಡಬೇಕಾಗಿಲ್ಲ ಎಂದೂ ಹೇಳಿದ್ದರು. 2020ರ ಅಕ್ಟೋಬರ್ 16, ಶುಕ್ರವಾರ. ಮರುದಿನದಿಂದ ಶಾಲೆಗೆ ರಜೆ. ಮನೆಗೆ ನಡೆದು ಹೋಗುತ್ತಿದ್ದ ಅವರನ್ನು ಚೆಚನ್ ಮೂಲದ 18 ವರ್ಷದ ಯುವಕನೊಬ್ಬ ಕತ್ತು ಕತ್ತರಿಸಿ ಕೊಂದ. ಪೊಲೀಸರ ಗುಂಡಿಗೆ ಅವನೂ ಸತ್ತ.

ರಕ್ತ ಆರುವ ಮೊದಲೇ ಚರ್ಚೆ ಶುರುವಾಯಿತು. ಕೊಲೆ ತಪ್ಪು ನಿಜ, ಆದರೂ ಮೇಷ್ಟ್ರು ಆ ಚಿತ್ರಗಳನ್ನು ತೋರಿಸಬಾರದಿತ್ತು ಎಂದರು ಕೆಲವರು. ಈ ಧರ್ಮದವರೇ ಹೀಗೆ ಎಂದರು ಇನ್ನು ಕೆಲವರು. ಮಲೇಷ್ಯಾದ ಮಾಜಿ ಪ್ರಧಾನಿ ಮಹಾತಿರ್ ಮೊಹಮ್ಮದ್ ಗತಕಾಲದ ಹತ್ಯೆಗಳ ಲೆಕ್ಕ ತೆಗೆದು, ಫ್ರೆಂಚರನ್ನು ಕೊಲ್ಲುವ ಹಕ್ಕು ಮುಸ್ಲಿಮರಿಗಿದೆ ಎಂಬರ್ಥದ ಮಾತು ಬರೆದರು. ಟ್ವಿಟರ್ ಅದನ್ನು ತೆಗೆದುಹಾಕಿತು. ಸತ್ತ ಮೇಷ್ಟ್ರ ಮೇಲೆ, ಕೋಟ್ಯಂತರ ಅಪರಿಚಿತರ ಮೇಲೆ, ನೂರು ವರ್ಷದ ಹಿಂದಿನ ಚರಿತ್ರೆಯ ಮೇಲೆ ಹೊಣೆ ಹೊರಿಸಿದ್ದಾಯಿತು. ಪಾಠದಿಂದ ಕೊಲೆಯವರೆಗಿನ ಹತ್ತು ದಿನಗಳಲ್ಲಿ ಊರೊಳಗೆ ನಿಜವಾಗಿ ಏನೇನು ನಡೆಯಿತು ಎಂದು ಕೇಳುವ ವ್ಯವಧಾನ ಈ ಗದ್ದಲದಲ್ಲಿ ಯಾರಿಗೂ ಇರಲಿಲ್ಲ.

ನಡೆದದ್ದು ಇದು. ಮುಸ್ಲಿಂ ಮಕ್ಕಳಿಗೆ ಕೈ ಎತ್ತಿಸಿ ತರಗತಿಯಿಂದ ಹೊರಗೆ ಕಳಿಸಿದರು ಎಂದು 13 ವರ್ಷದ ವಿದ್ಯಾರ್ಥಿನಿಯೊಬ್ಬಳು ಮನೆಯಲ್ಲಿ ಹೇಳಿದಳು. ಆ ಪಾಠದ ದಿನ ಅವಳು ತರಗತಿಯಲ್ಲೇ ಇರಲಿಲ್ಲ. ತನ್ನನ್ನು ಶಾಲೆಯಿಂದ ತಾತ್ಕಾಲಿಕವಾಗಿ ಹೊರಗಿಟ್ಟಿದ್ದರ ನಿಜ ಕಾರಣ ಮುಚ್ಚಿಡಲು ಹೆದರಿದ ಮಗು ಆಡಿದ ಸುಳ್ಳು ಅದು. ತಂದೆ ವಿಚಾರಿಸಲಿಲ್ಲ. ವಿಡಿಯೊ ಮಾಡಿ ಮೇಷ್ಟ್ರ ಹೆಸರು, ಶಾಲೆಯ ಹೆಸರು ಹಾಕಿ ಹರಿಬಿಟ್ಟ. ಧರ್ಮಪ್ರಚಾರಕನೊಬ್ಬ ಅವನ ಜೊತೆ ಶಾಲೆಗೆ ಬಂದು, ತಾನೂ ಒಂದು ವಿಡಿಯೊ ಮಾಡಿದ. ಪ್ಯಾರಿಸ್ ಹೊರವಲಯದ ಪಾಂತಾಂ ಊರಿನ ಮಸೀದಿ ತಂದೆಯ ವಿಡಿಯೊವನ್ನು ತನ್ನ ಫೇಸ್‌ಬುಕ್ ಪುಟದಲ್ಲಿ ಹಂಚಿಕೊಂಡಿತು. ದೂರದ ಎವ್ರೊ ಪಟ್ಟಣದಲ್ಲಿದ್ದ, ಪಾಟಿಯವರನ್ನು ಒಮ್ಮೆಯೂ ಕಾಣದಿದ್ದ ಯುವಕನ ಫೋನಿಗೆ ಈ ವಿಷಯ ಬಂದು ಮುಟ್ಟಿತು. ಶಾಲೆಯ ಗೇಟಿನ ಬಳಿ ಅವನು ಸುಮಾರು 300 ಯೂರೊ ತೋರಿಸಿ, ಇವರಲ್ಲಿ ಪಾಟಿ ಯಾರು ಎಂದು ಕೇಳಿದ. ಹುಡುಗರು ತೋರಿಸಿಕೊಟ್ಟರು.

ಹುಡುಗಿಗೂ ಆ ಹುಡುಗರಿಗೂ 2023ರಲ್ಲಿ ಬಾಲನ್ಯಾಯಾಲಯ ಶಿಕ್ಷೆ ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನ ವಿಶೇಷ ನ್ಯಾಯಾಲಯ ತಂದೆಗೆ 13 ವರ್ಷ, ಪ್ರಚಾರಕನಿಗೆ 15 ವರ್ಷ ಜೈಲು ವಿಧಿಸಿತು. ಇಬ್ಬರೂ ಚಾಕು ಹಿಡಿದವರಲ್ಲ. ಈ ಮೊದಲ ತೀರ್ಪಿನಲ್ಲಿ ನನಗೆ ದೊಡ್ಡದಾಗಿ ಕಾಣುವುದು ಅದು ಹೊಣೆ ಹಂಚಿದ ರೀತಿ. ಕೊಂದವನೊಬ್ಬನದೇ ತಪ್ಪು ಎಂದು ಕೈ ತೊಳೆದುಕೊಳ್ಳಲಿಲ್ಲ, ಇಡೀ ಸಮುದಾಯವನ್ನು ಕಟಕಟೆಗೆ ಎಳೆಯಲೂ ಇಲ್ಲ. ಯಾರು ಏನು ಮಾಡಿದರು ಎಂದು ಹೆಸರು ಹಿಡಿದು ಕೇಳಿತು.

ಇದಕ್ಕೂ ಧರ್ಮಕ್ಕೂ ಸಂಬಂಧವೇ ಇಲ್ಲ ಎನ್ನುವ ಸಮಾಧಾನದ ಮಾತನ್ನು ನಾನು ಒಪ್ಪಲಾರೆ. ಪ್ರವಾದಿಯನ್ನು ಅವಮಾನಿಸಿದ್ದಕ್ಕೆ ಸೇಡು ಎಂದು ಕೊಂದವನೇ ಬರೆದುಕೊಂಡಿದ್ದ. ಅಂಥ ಕಲ್ಪನೆ ಎಲ್ಲಿಂದ ಬಂತು, ಯಾರು ಬೋಧಿಸಿದರು ಎಂದು ಪ್ರಶ್ನಿಸುವುದು ದ್ವೇಷವಲ್ಲ. ಪ್ಯಾರಿಸ್ ಸಮೀಪದ ದ್ರಾನ್ಸಿ ಊರಿನ ಇಮಾಮ್ ಹಸನ್ ಶಲ್ಗೂಮಿ ಪಾಟಿಯವರ ಶಾಲೆಯ ಮುಂದೆ ಹೂವಿಟ್ಟು, ಅವರನ್ನು ಅಭಿವ್ಯಕ್ತಿ ಸ್ವಾತಂತ್ರ್ಯದ ಹುತಾತ್ಮ ಎಂದು ಕರೆದರು. ಹೀಗೆ ಮಾತನಾಡುವುದಕ್ಕಾಗಿಯೇ ಅವರು ಪೊಲೀಸ್ ಕಾವಲಿನಲ್ಲಿ ಬದುಕಬೇಕಾಗಿ ಬಂದಿದೆ. ಧರ್ಮವನ್ನು ಪ್ರಶ್ನಿಸಬೇಡಿ ಎನ್ನುವವರು ಮೊದಲು ಒಂಟಿ ಮಾಡುವುದು ಇಂಥವರನ್ನೇ. ಎಲ್ಲರೂ ಒಂದೇ ಎನ್ನುವವರೂ ಇವರನ್ನೇ ಅಳಿಸಿಹಾಕುತ್ತಾರೆ.

ಕನ್ನಡಿಗರಿಗೆ ಇದು ಯಾವುದೋ ದೂರದೇಶದ ಕಥೆಯಲ್ಲ. ಎಂ.ಎಂ. ಕಲಬುರ್ಗಿ 2014ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಮೌಢ್ಯ ನಿಷೇಧ ಮಸೂದೆ ಕುರಿತು ಮಾತನಾಡುತ್ತ ಲೇಖಕ ಯು.ಆರ್. ಅನಂತಮೂರ್ತಿಯವರ ಬರಹದ ಒಂದು ಪ್ರಸಂಗ ನೆನಪಿಸಿದರು. ಪ್ರಸಂಗ ಯಾರದು, ಸಂದರ್ಭ ಯಾವುದು ಎಂಬುದೆಲ್ಲ ಕಳಚಿಬಿದ್ದು, ದೇವರನ್ನು ಅವಮಾನಿಸಿದರು ಎಂಬುದಷ್ಟೇ ಊರೂರು ಸುತ್ತಿತು. 2015ರ ಆಗಸ್ಟ್ 30ರ ಭಾನುವಾರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯಲ್ಲೇ ಅವರಿಗೆ ಗುಂಡಿಕ್ಕಿದರು. ವಚನಗಳ ಸಮಗ್ರ ಸಂಪುಟಗಳ ಸಂಪಾದನೆಯ ಹೊಣೆ ಹೊತ್ತಿದ್ದ ವಿದ್ವಾಂಸ ಅವರು. ಧರ್ಮವನ್ನು ಒಳಗಿನಿಂದಲೇ ತಿವಿದು ಕೇಳಿದ ಸಾಹಿತ್ಯವನ್ನು ಜೀವಮಾನವಿಡೀ ಓದಿದವರು. ಆಗಲೂ ಎಷ್ಟೋ ಮನೆಗಳ ಜಗಲಿಯಲ್ಲಿ, ಸಜ್ಜನರ ಬಾಯಲ್ಲೇ ಕೇಳಿಬಂದ ಮಾತು: ಅವರಿಗೆ ಅದೆಲ್ಲ ಯಾಕೆ ಬೇಕಿತ್ತು? ಆ ಪ್ರಶ್ನೆ ನನ್ನನ್ನು ಇಂದಿಗೂ ಚುಚ್ಚುತ್ತದೆ. 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯಾಯಿತು. ಅವರ ಭಾಷಣದ ವಿಡಿಯೊವನ್ನು ಆರೋಪಿಗಳಿಗೆ ತೋರಿಸಿ ಸಿದ್ಧಗೊಳಿಸಲಾಗಿತ್ತು ಎಂಬುದು ತನಿಖಾ ತಂಡದ ವಾದ. ಕಾನ್‌ಫ್ಲಾನ್‌ನಲ್ಲೂ ದಾರಿ ಇದೇ ಆಗಿತ್ತು. ಆ ದಾರಿಗೆ ಇಂಥದೇ ಧರ್ಮ ಎಂಬುದಿಲ್ಲ.

ಪಾಟಿ ಹತ್ಯೆಯಾಗಿ ನಾಲ್ಕು ವರ್ಷ ಎರಡು ತಿಂಗಳಿಗೆ ಹಿರಿಯರ ಮೇಲಿನ ಮೊದಲ ತೀರ್ಪು ಬಂತು. ಕಲಬುರ್ಗಿಯವರ ಹತ್ಯೆಗೆ 10 ವರ್ಷ ತುಂಬಿದ ದಿನವೂ ವಿಚಾರಣೆ ನಡೆಯುತ್ತಲೇ ಇತ್ತು. ಸಾಕ್ಷಿಗಳಿಗೆ ವಯಸ್ಸಾಗುತ್ತಿದೆ. ಯಾರು ಹೇಳಿದರು, ಯಾರು ಹಂಚಿದರು, ಯಾರು ಪಿಸ್ತೂಲು ಕೊಟ್ಟರು ಎಂಬುದು ನ್ಯಾಯಾಲಯದಲ್ಲಿ ಇತ್ಯರ್ಥವಾಗದಿದ್ದರೆ ಜಗಲಿಯ ತೀರ್ಪೇ ಉಳಿದುಬಿಡುತ್ತದೆ. ಕಲಬುರ್ಗಿ, ಗೌರಿ ಇಬ್ಬರ ಪ್ರಕರಣಗಳನ್ನೂ ಬೇಗ ಮುಗಿಸಲು ಬೇಕಾದುದನ್ನೆಲ್ಲ ರಾಜ್ಯ ಸರ್ಕಾರ ಮಾಡಲಿ.